ಮೊದಲಿನ ಹಾಗಿಲ್ಲ

ಅಕ್ಕನ ಮಗ ಗ್ಲಾಸ್ಗೋದಲ್ಲಿದ್ದಾನೆ. 2024ರ ಜೂನ್ ತಿಂಗಳಲ್ಲಿ ಅವನ ಮನೆಗೆ ಹೋಗಿದ್ದೆ. ರಾತ್ರಿ ಹತ್ತಾದರೂ ಕತ್ತಲಾಗದ ಊರು ಅದು. ದೇವರ ಮುಂದೆ ದೀಪ ಹಚ್ಚುವ ಹೊತ್ತು ಯಾವುದೆಂದು ತಿಳಿಯದೆ ಗಡಿಯಾರ ನೋಡಿ ಹಚ್ಚುತ್ತಿದ್ದೆ. ಅಂಥದೊಂದು ಶನಿವಾರ ಸಂಜೆ ಅವನ ಗೆಳೆಯರು ನಾಲ್ಕು ಜನ ಮನೆಗೆ ಬಂದರು. ನಾನು ಮಾಡಿದ ಈರುಳ್ಳಿ ಬಜ್ಜಿ ತಿಂದರು, ಹೊಗಳಿದರು, ಆಮೇಲೆ ಒಂದು ರೆಕಾರ್ಡು ಹಾಕಿಕೊಂಡು ಜಗಳಕ್ಕೆ ಕೂತರು. ಹೊಸ ರೆಕಾರ್ಡು. ಆ ವರ್ಷದ ಮಾರ್ಚ್‌ನಲ್ಲಷ್ಟೇ ಬಂದದ್ದು. ಹೆಸರು 'ಗ್ಲಾಸ್ಗೋ ಐಸ್'. ಹಾಡಿದವರು ದಿ ಜೀಸಸ್ ಆಂಡ್ ಮೇರಿ ಚೈನ್ ಎಂಬ ತಂಡ.

ಹೆಸರು ಕೇಳಿ ನಾನು ಚರ್ಚಿನ ಭಜನಾ ತಂಡವೇನೋ ಎಂದುಕೊಂಡಿದ್ದೆ. ನೀವು ನಗಬೇಡಿ, ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

ಜಗಳ ನನಗೆ ಅರ್ಥವಾಗಲಿ ಎಂದು ಹುಡುಗ (ಹುಡುಗನೆಂದರೆ ಐವತ್ತು ವರ್ಷದವ) ಮೊದಲು ಅವರ ಹಳೆಯ ರೆಕಾರ್ಡು ಹಾಕಿದ. 1985ರ 'ಸೈಕೋಕ್ಯಾಂಡಿ'. ನಮ್ಮೂರ ಗಣಪತಿ ಪೆಂಡಾಲಿನಲ್ಲಿ ಮೈಕು ಇದ್ದಕ್ಕಿದ್ದಂತೆ ಕುಂಯ್ಯೆಂದು ಕೂಗುತ್ತದಲ್ಲ, ಭಾಷಣಕಾರರು ಹಿಂದಕ್ಕೆ ಸರಿಯುತ್ತಾರಲ್ಲ, ಆ ಕೂಗು! ನಮ್ಮ ಮೈಕಿನವನು ಓಡಿಬಂದು ನಿಲ್ಲಿಸುವುದನ್ನು ಇವರು ಬೇಕೆಂದೇ ಮಾಡುತ್ತಾರೆ. ಗಿಟಾರಿನ ಸದ್ದು ಸ್ಪೀಕರಿನಿಂದ ಹೊರಬಂದು, ಅದನ್ನೇ ಮತ್ತೆ ಗಿಟಾರು ಹಿಡಿದು, ಮತ್ತೆ ಸ್ಪೀಕರಿಗೆ ಕಳಿಸಿ, ಹೀಗೆ ಸುತ್ತಿ ಸುತ್ತಿ ಹುಟ್ಟುವ ಕೂಗು. ಅದರ ಮೇಲೆ ಒಂದು ಜಪಾನೀ ಪೆಟ್ಟಿಗೆಯಿಂದ ತಂತಿಯ ಸ್ವರವನ್ನು ಒಡೆದು ಗರಗಸದಂತೆ ಮಾಡುವುದು ಬೇರೆ. "ಚಿಕ್ಕಮ್ಮಾ, ಭಯ ಆಯ್ತಾ?" ಎಂದ. ಭಯವಲ್ಲ, ಸಿಟ್ಟು ಬಂತು.

ಆದರೆ ಎರಡನೇ ಸಲ ಕೇಳುವಾಗ ಒಂದು ವಿಚಿತ್ರವಾಯಿತು. ಆ ಕೂಗಿನ ಹಿಂದೆ ಒಬ್ಬ ಹುಡುಗ ಮೆಲ್ಲಗೆ, ನಿದ್ದೆಗಣ್ಣಿನಲ್ಲಿದ್ದವನಂತೆ, ಬಹಳ ಸರಳವಾದ ಸಿಹಿಯಾದ ಧಾಟಿಯೊಂದನ್ನು ಹಾಡುತ್ತಿದ್ದ. ಈ ಅನುಭವ ನನಗೆ ಹೊಸದಲ್ಲ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ. ಹೊರಗೆ ಮಲೆನಾಡಿನ ಮಳೆ. ಷಾರ್ಟ್ ವೇವಿನ ಕೊರಕೊರ, ಸುಂಯ್‌ಗುಡುವಿಕೆ, ನಡುವೆ ಅಲೆಯಂತೆ ಬಂದು ಹೋಗುವ ಲತಾ. ಅಕ್ಕ ಮತ್ತು ನಾನು ರೇಡಿಯೋಗೆ ಕಿವಿ ಹಚ್ಚಿ ಕೂರುತ್ತಿದ್ದೆವು. ಎಷ್ಟೋ ವರ್ಷಗಳ ನಂತರ ಅದೇ ಹಾಡುಗಳನ್ನು ಸ್ವಚ್ಛ ಕ್ಯಾಸೆಟ್ಟಿನಲ್ಲಿ ಕೇಳಿದಾಗ ಏನೋ ಕಳೆದುಹೋದಂತೆನಿಸಿತ್ತು. ಕಷ್ಟಪಟ್ಟು ಕೇಳಿದ್ದರ ರುಚಿಯೇ ಬೇರೆಯೇನೋ!

ಈ ತಂಡದ ಜೀವ ಇಬ್ಬರು ಅಣ್ಣತಮ್ಮಂದಿರು, ವಿಲಿಯಂ ರೀಡ್ ಮತ್ತು ಜಿಮ್ ರೀಡ್. ಊರು ಗ್ಲಾಸ್ಗೋ ಪಕ್ಕದ ಈಸ್ಟ್ ಕಿಲ್‌ಬ್ರೈಡ್. 1947ರಲ್ಲಿ ಸರಕಾರ ನಕ್ಷೆ ಹಾಕಿ ಕಟ್ಟಲು ಹೊರಟ ಹೊಸ ಊರು. ಹೆಜ್ಜೆಹೆಜ್ಜೆಗೂ ವೃತ್ತ, ಅದಕ್ಕೆ ಪೋಲೋ ಪೆಪ್ಪರ್‌ಮಿಂಟಿನ ಊರು ಎಂದು ಅಡ್ಡ ಹೆಸರು. 1983ರಲ್ಲಿ ಇವರ ತಂದೆ ಕಾರ್ಖಾನೆಯ ಕೆಲಸ ಕಳೆದುಕೊಂಡರು. ಕೈಗೆ ಬಂದ ಪರಿಹಾರದ ಹಣದಲ್ಲಿ 300 ಪೌಂಡನ್ನು ಮಕ್ಕಳಿಗೆ ಕೊಟ್ಟರು. ಅವರು ಅದರಲ್ಲಿ ಒಂದು ಪುಟ್ಟ ರೆಕಾರ್ಡಿಂಗ್ ಯಂತ್ರ ತಂದರು. ನಾನು ಅಲ್ಲಿಗೇ ನಿಂತುಬಿಟ್ಟೆ. ಕೆಲಸ ಹೋದ ಮನೆಯಲ್ಲಿ, ಇಪ್ಪತ್ತು ದಾಟಿಯೂ ದುಡಿಯದೆ ಕೂತ ಗಂಡುಮಕ್ಕಳಿಗೆ, ಆ ದುಡ್ಡು! ನಮ್ಮ ಮನೆಗಳಲ್ಲಾಗಿದ್ದರೆ ಏನಾಗುತ್ತಿತ್ತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಮನೆಯ ತಾಯಿ ಏನೆಂದಳೋ.

ಅವರು ಹೊಸದೇನನ್ನೋ ಕಂಡುಹಿಡಿದರು ಎನ್ನುತ್ತಾರೆ ಅಭಿಮಾನಿಗಳು. ನನಗೆ ಹಾಗನ್ನಿಸಲಿಲ್ಲ. ಆ ರೆಕಾರ್ಡಿನ ಮೊದಲ ಹಾಡು ಶುರುವಾಗುವ ಡ್ರಮ್ಮಿನ ಪೆಟ್ಟು ಅಮೆರಿಕದ ರೊನೆಟ್ಸ್ ಎಂಬ ಹುಡುಗಿಯರ ತಂಡದ 1963ರ ಹಾಡಿನದು. ಮುಚ್ಚುಮರೆಯಿಲ್ಲದೆ ಎತ್ತಿಕೊಂಡಿದ್ದಾರೆ. ಡ್ರಮ್ಮಿನವನು ಎರಡೇ ಡ್ರಮ್ಮಿಟ್ಟುಕೊಂಡು ನಿಂತು ಬಾರಿಸುತ್ತಿದ್ದ. ಅದೂ ಅರವತ್ತರ ದಶಕದ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಮೋ ಟಕರ್ ಎಂಬ ಹೆಂಗಸಿನ ರೀತಿ. ಬೀಚ್ ಬಾಯ್ಸ್ ಎಂಬವರ ಸಿಹಿಯೂ ಇದೆ. ಅಜ್ಜಿಯ ಸೀರೆಯಲ್ಲಿ ಹೊಲಿದ ಕೌದಿ ಇದು. ಹೊಲಿಗೆ ಮಾತ್ರ ಇವರದು, ಅದು ಬಹಳ ಗಟ್ಟಿ ಹೊಲಿಗೆ.

ಇಷ್ಟಾದ ಮೇಲೆ ಜಗಳಕ್ಕೆ ಬರೋಣ. ಹೊಸ ರೆಕಾರ್ಡಿನಲ್ಲಿ ಗಿಟಾರಿನ ಕೂಗು ಕಡಿಮೆ, ಯಂತ್ರದ ನಾದ ಹೆಚ್ಚು. ಒಬ್ಬ, ತಲೆ ಪೂರ್ತಿ ಬೋಳಾದವನು, ಇದು ಅವರದೇ ಅಲ್ಲ ಎಂದ. ಇನ್ನೊಬ್ಬ, ಅರವತ್ತು ದಾಟಿದ ಇಬ್ಬರು ಇಷ್ಟಾದರೂ ಮಾಡಿದರಲ್ಲ, ಕೈಮುಗಿದು ಕೇಳು ಎಂದ. ಮೊದಲನೆಯವನಿಗೆ ತನ್ನ ಹದಿನೆಂಟನೆಯ ವರ್ಷ ವಾಪಸು ಬೇಕಿತ್ತು, ರೆಕಾರ್ಡಲ್ಲ. ಎರಡನೆಯವನದು ಇನ್ನೂ ಕೆಟ್ಟ ಮಾತು ಎಂದು ನನಗನ್ನಿಸಿತು. ಕೈಮುಗಿದು ಕೇಳುವುದೆಂದರೆ ಕೇಳದಿರುವುದೇ. ವಯಸ್ಸಾದವರೆಂದು ರಿಯಾಯಿತಿ ಕೊಟ್ಟು ಮೆಚ್ಚುವುದಕ್ಕಿಂತ ಬೈಯುವುದೇ ಮರ್ಯಾದೆ.

ಹುಡುಗ ನಡುವೆ ಬಂದು ಒಂದು ಹಳೆಯ ಕತೆ ಹೇಳಿದ. 1987ರಲ್ಲಿ ಇವರ ಎರಡನೆಯ ರೆಕಾರ್ಡು 'ಡಾರ್ಕ್‌ಲ್ಯಾಂಡ್ಸ್' ಬಂತು. ಡ್ರಮ್ಮಿನವನು ಹೋಗಿದ್ದ, ಅವನ ಜಾಗಕ್ಕೆ ಯಂತ್ರ. ಕೂಗು ಬಹುತೇಕ ಮಾಯ, ಧಾಟಿ ನಿಚ್ಚಳ. ಆಗಲೂ ಇದೇ ಗೊಣಗಾಟ, ಮೊದಲಿನ ಹಾಗಿಲ್ಲ ಎಂದು. ಮೊದಲ ರೆಕಾರ್ಡು ಬ್ರಿಟನ್ನಿನ ಪಟ್ಟಿಯಲ್ಲಿ 31ನೆಯ ಸ್ಥಾನಕ್ಕೆ ನಿಂತಿದ್ದರೆ ಇದು 5ಕ್ಕೆ ಏರಿತು. ಹಳೆಯ ಅಭಿಮಾನಿಗಳಿಗೆ ಅದೂ ಒಂದು ಅಪರಾಧ. ಹೀಗೆ ಗೊಣಗಿಸಿಕೊಂಡ ಆ ರೆಕಾರ್ಡನ್ನೇ 2021ರಲ್ಲಿ ಮೊದಲಿನಿಂದ ಕೊನೆಯವರೆಗೆ ವೇದಿಕೆಯ ಮೇಲೆ ನುಡಿಸುತ್ತ ಊರೂರು ಸುತ್ತಿದರು. ಜನ ಟಿಕೆಟ್ ಕೊಂಡು ಬಂದರು. ಬೋಳುತಲೆಯವನೂ ಹೋಗಿದ್ದನಂತೆ! ಕೇಳಿದರೆ, ಅದು ಬೇರೆ ವಿಷಯ ಎಂದ.

ಅವರೊಳಗೊಬ್ಬಳು ಹೆಂಗಸು. ಶಾಲೆಯೊಂದರ ಅಡಿಗೆಮನೆಯಲ್ಲಿ ಕೆಲಸ ಮಾಡುವವಳು. ಅಷ್ಟು ಹೊತ್ತೂ ಬಜ್ಜಿಯ ತಟ್ಟೆ ಹಿಡಿದು ಸುಮ್ಮನಿದ್ದಳು. ಗಂಡಸರು ಹೊರಗೆ ಸಿಗರೇಟಿಗೆ ಹೋದಾಗ ನನ್ನ ಹತ್ತಿರ ಸರಿದು ಕೂತಳು. ಅವಳ ಮಾತಿನ ಅರ್ಧ ನನಗೆ ತಿಳಿಯದು, ಹುಡುಗನ ಹೆಂಡತಿ ಬಿಡಿಸಿ ಹೇಳಿದಳು. ಇಪ್ಪತ್ತಕ್ಕೇ ಕೈಗೂಸು, ಸರಿಯಿಲ್ಲದ ಗಂಡ. ಇಸ್ತ್ರಿ ಹಾಕುವಾಗ ಆ ಮೊದಲ ರೆಕಾರ್ಡು ಜೋರಾಗಿ ಹಾಕಿಕೊಳ್ಳುತ್ತಿದ್ದಳಂತೆ. ಆ ಗದ್ದಲದೊಳಗೆ ಅತ್ತರೆ ಪಕ್ಕದ ಮನೆಗೆ ಕೇಳುತ್ತಿರಲಿಲ್ಲವಂತೆ. ನಾವು ಬಚ್ಚಲ ನಲ್ಲಿ ಬಿಟ್ಟುಕೊಂಡು ಅಳುತ್ತೇವಲ್ಲ, ಹಾಗೆ. ಈಗ ನನಗೆ ಅಷ್ಟು ಗದ್ದಲ ಬೇಕಾಗಿಲ್ಲ, ಅವರಿಗೂ ಬೇಡವಾಗಿರಬೇಕು ಎಂದಳು. ಅಂದು ಸಂಜೆ ಆ ಕೋಣೆಯಲ್ಲಿ ಕೇಳಿದ ವಿಮರ್ಶೆಯಲ್ಲಿ ನನಗೆ ಸರಿಯೆನಿಸಿದ್ದು ಇದೊಂದೇ.

ಇಷ್ಟು ಹೇಳಿ ತಪ್ಪಿಸಿಕೊಳ್ಳುವುದು ನ್ಯಾಯವಲ್ಲ. ರೆಕಾರ್ಡು ಹೇಗಿದೆ? ಮುಂದಿನ ಹದಿನೈದು ದಿನ ಹುಡುಗ ಆಫೀಸಿಗೆ ಹೋದ ಮೇಲೆ ನಾನೇ ಹಾಕಿಕೊಂಡು ಕೇಳಿದೆ. ಹನ್ನೆರಡು ಹಾಡುಗಳು. ಎಲ್ಲ ಚೆನ್ನಾಗಿಲ್ಲ. 'ದಿ ಈಗಲ್ಸ್ ಆಂಡ್ ದಿ ಬೀಟಲ್ಸ್' ಎಂಬ ಹಾಡು ತಮಗೆ ಪ್ರಿಯವಾದ ಹಳಬರ ಹೆಸರುಗಳ ಪಟ್ಟಿ. ಮದುವೆ ಕಾಗದದ ಕೆಳಗೆ 'ಸುಖಾಗಮನ ಬಯಸುವವರು' ಎಂದು ಹೆಸರು ಸಾಲಾಗಿ ಇರುತ್ತವಲ್ಲ, ಹಾಗಿದೆ. ಹಿಂದೆ ಹಳಬರನ್ನು ನುಂಗಿ ಅರಗಿಸಿಕೊಂಡಿದ್ದವರು ಈಗ ಬರೀ ಹೆಸರು ಹೇಳುತ್ತಿದ್ದಾರೆ. ಕೊನೆಯ ಹಾಡು 'ಹೇ ಲೂ ರೀಡ್' ಕೂಡ ಹಳಬನೊಬ್ಬನಿಗೇ ನಮಸ್ಕಾರ. ಆ ಲೂ ರೀಡ್ ವೆಲ್ವೆಟ್ ಅಂಡರ್‌ಗ್ರೌಂಡಿನವನು, ಅವನ ಹೆಸರಿನ ಕಾಗುಣಿತವನ್ನು ಇವರು ತಮ್ಮ ಮನೆತನದ ಹೆಸರಿನಂತೆ ತಿದ್ದಿಕೊಂಡಿದ್ದಾರೆ. ಸಲಿಗೆ ನೋಡಿ! ಆದರೆ ಈ ಹಾಡು ನಡುವೆ ತಿರುಗಿ ನಿಧಾನಕ್ಕಿಳಿಯುತ್ತದೆ. ಅಬ್ಬರದಿಂದ ಬಂದ ನೆಂಟರು ಊಟವಾದ ಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂತು ಮನೆಕತೆ ತೆಗೆಯುವಂತೆ. ಆ ಎರಡನೆಯ ಭಾಗ ನನಗೆ ಬಹಳ ಇಷ್ಟವಾಯಿತು.

ಎಲ್ಲಕ್ಕಿಂತ ಗಟ್ಟಿಯಾದದ್ದು 'ಜಾಮ್‌ಕಾಡ್'. ಅದಕ್ಕೆ ಹಿಂದಿನ ಕತೆ ಬೇಕು. 1998ರ ಅವರ ರೆಕಾರ್ಡು 'ಮಂಕಿ'. ಅದರ ಮೊದಲ ಹಾಡಿನ ಹೆಸರು ರಾಕ್ ಅಂಡ್ ರೋಲ್ ನನಗೆ ಪ್ರೀತಿ, ಕೊನೆಯ ಹಾಡಿನ ಹೆಸರು ರಾಕ್ ಅಂಡ್ ರೋಲ್ ನನಗೆ ದ್ವೇಷ. ಒಂದೇ ತಟ್ಟೆಯಲ್ಲಿ ಉಂಡ ಇಬ್ಬರು! ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ, ವೇದಿಕೆಯ ಮೇಲೆಯೇ, ಕೊಟ್ಟ ಕಾಸಿಗೆ ಬಂದು ಕೂತ ಜನರ ಎದುರೇ ಜಗಳ ಒಡೆದು ಅಣ್ಣ ಹೊರಟುಹೋದ. 1999ರಲ್ಲಿ ತಂಡವೇ ಮುಗಿಯಿತು. ಈ ಹಾಡು ಆ ರಾತ್ರಿಯ ಕುರಿತದ್ದು. ಯಂತ್ರದ ತಾಳ ಕುಟ್ಟುತ್ತಲೇ ಇದೆ, ಮೇಲೆ ಗಿಟಾರು ಹಳೆಯ ಹಾಗೆಯೇ ಕೂಗುತ್ತದೆ. ಇಲ್ಲಿ ಆ ಕೂಗಿಗೆ ಕಾರಣವಿದೆ. ಇಪ್ಪತ್ತರ ಹುಡುಗನ ಕೂಗಿಗೆ ಕಾರಣ ಬೇಕಿಲ್ಲ, ಅರವತ್ತರವನ ಕೂಗಿಗೆ ಬೇಕು. ಬೋಳುತಲೆಯವನಿಗೆ ನಾನು ಹೇಳಬೇಕೆಂದಿದ್ದದ್ದು ಇದನ್ನೇ, ಅಷ್ಟು ಇಂಗ್ಲಿಷು ಬಾಯಿಗೆ ಬರಲಿಲ್ಲ.

ಇವರಿಗೆ ಒಬ್ಬ ತಂಗಿಯಿದ್ದಾಳೆ, ಲಿಂಡಾ. ಆ 'ಮಂಕಿ'ಯಲ್ಲೇ ಒಂದು ಹಾಡು ಅವಳದು, ಹಾಡಿನ ಹೆಸರು 'ಮೋ ಟಕರ್'. ಅಣ್ಣಂದಿರಿಗೆ ಮಾತಿಲ್ಲದ ಕಾಲದಲ್ಲಿ ಅವಳು ಸಿಸ್ಟರ್ ವೆನಿಲ್ಲಾ ಎಂಬ ಹೆಸರಿನಲ್ಲಿ ಒಂದು ರೆಕಾರ್ಡು ಮಾಡಿದಳು. ಇಬ್ಬರೂ ಅದಕ್ಕೆ ಕೈಜೋಡಿಸಿದರು. ಎದುರುಬದುರು ಕೂರದ ಅಣ್ಣತಮ್ಮಂದಿರನ್ನು ತಂಗಿಯ ಮನೆಯ ಕಾರ್ಯ ಒಂದೇ ಪಂಕ್ತಿಗೆ ತರುವುದು ನಮಗೇನು ಹೊಸದೇ? 2007ರಲ್ಲಿ ತಂಡ ಮತ್ತೆ ಸೇರಿತು. ಈ ಭಾಗವನ್ನು ಗೆಳೆಯರು ಯಾರೂ ಜಗಳದಲ್ಲಿ ಎತ್ತಲೇ ಇಲ್ಲ.

ನನಗೆ ಇದೆಲ್ಲ ಏಕೆ ಇಷ್ಟು ತಾಗಿತೆಂದರೆ, ಅಕ್ಕ ಮತ್ತು ನಾನೂ ಜೋಡಿಯಾಗಿ ಹಾಡುತ್ತಿದ್ದವರು. ಮಹಿಳಾ ಸಮಾಜ, ರಾಮೋತ್ಸವ, ಮದುವೆಮನೆ, ಎಲ್ಲಿ ಕರೆದರೂ ಭಾವಗೀತೆ. ಅಕ್ಕ ಮುಂದೆ, ನಾನು ಹಿಂದೆ. ಅವಳಿಗೆ ಥೈರಾಯ್ಡ್ ಆಪರೇಷನ್ ಆಯಿತು. ಐದರ ಶ್ರುತಿಯಲ್ಲಿ ಹಾಡುತ್ತಿದ್ದವಳು ಮೂರಕ್ಕಿಳಿದಳು. ಕಂಠ ಸ್ವಲ್ಪ ಒರಟಾಯಿತು. ಮತ್ತೆ ಹಾಡಿದ ಮೊದಲ ದಿನವೇ ನಾಲ್ಕೈದು ಜನ ಹೆಂಗಸರು ಬಂದು, ಚೆನ್ನಾಗಿತ್ತು ಆದರೆ ಮೊದಲಿನ ಹಾಗಿಲ್ಲ ಎಂದರು. ಅವರದಿರಲಿ. ಆಟೋದಲ್ಲಿ ಮನೆಗೆ ಬರುವಾಗ ನಾನೂ ಅದನ್ನೇ ಹೇಳಿದೆ. ಒಳ್ಳೆಯದಕ್ಕೇ ಹೇಳಿದೆನೆಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ನಿಜವೆಂದರೆ ಶ್ರುತಿ ಇಳಿದದ್ದರಿಂದ ನನಗೆ ಜೊತೆ ಹಾಡುವುದು ಕಷ್ಟವಾಗಿತ್ತು. ಅವಳು ಏನೂ ಅನ್ನಲಿಲ್ಲ. ಆಮೇಲೆ ಯಾರು ಕರೆದರೂ ಮಂಡಿನೋವೆಂದಳು. ಹಾಡಲು ಮಂಡಿ ಏಕೆ ಬೇಕೆಂದು ನಾವ್ಯಾರೂ ಕೇಳಲಿಲ್ಲ.

ಆ ಇಳಿದ ದನಿ ನಿಜವಾಗಿ ಹೇಗಿತ್ತು? ನೆನಪು ಮಾಡಿಕೊಳ್ಳಲು ನೋಡಿದರೆ ಅದು ಸಿಗುವುದಿಲ್ಲ. ಹಳೆಯ ದನಿಯೇ ಕಿವಿಯಲ್ಲಿ ಬಂದು ಕೂರುತ್ತದೆ. ಅಂದು ನಾನು ಕೇಳಿದ್ದು ಬರೀ ಇಲ್ಲದ್ದನ್ನು.

ಗ್ಲಾಸ್ಗೋದಿಂದ ಹೊರಡುವ ಹಿಂದಿನ ದಿನ ಅಕ್ಕನಿಗೆ ಫೋನು ಮಾಡಿ ಆ ಕೊನೆಯ ಹಾಡಿನ ಎರಡನೆಯ ಭಾಗ ಕೇಳಿಸಿದೆ. ಪೂರ್ತಿ ಕೇಳಿದಳು.

"ಯಾರೇ ಇವರು?"

"ಅಣ್ಣತಮ್ಮ. ಜಗಳವಾಡಿ ಬಿಟ್ಟಿದ್ದರು, ಈಗ ಹಾಡುತ್ತಾರೆ. ನಾನು ಬಂದ ಮೇಲೆ ಶ್ರುತಿಪೆಟ್ಟಿಗೆ ತೆಗೆದು ಧೂಳು ಒರೆಸೋಣ ಕಣೇ. ಮೂರಕ್ಕೇ ಇಡೋಣ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕುಕ್ಕರು ಕೂಗಿದ್ದು ಕೇಳಿಸಿತು.

"ಅದರ ಒಂದು ರೀಡು ಹೋಗಿದೆ," ಎಂದಳು. "ಪೇಟೆಯಲ್ಲಿ ಕೊಟ್ಟು ಸರಿ ಮಾಡಿಸಬೇಕು. ಅದಿರಲಿ, ಈ ಹಾಡೆಲ್ಲ ಕೇಳಿ ಕೇಳಿ ನನ್ನ ಮಗನಿಗೆ ಕಿವಿ ನೆಟ್ಟಗಿದೆಯೋ ಇಲ್ಲವೋ ಸರಿಯಾಗಿ ನೋಡಿಕೊಂಡು ಬಾ."