ಮೂವತ್ತು ಕಿಲೋಮೀಟರ್ ದಾಟಿದ ಮೇಲೆ

ಈ ಭಾನುವಾರ, 2025ರ ಏಪ್ರಿಲ್ 27ಕ್ಕೆ, ಲಂಡನ್ ಮ್ಯಾರಥಾನ್. ಮುಂಚೂಣಿಯ ಓಟಗಾರರ ಪಟ್ಟಿ ಕೈಗೆ ಸಿಕ್ಕ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಹೆಸರಿನ ಎದುರಿಗಿರುವ ಸಮಯದ ಕಡೆಗೆ. ಯಾರದು ಕಡಿಮೆಯೋ ಅವರೇ ಗೆಲ್ಲುತ್ತಾರೆ ಅನ್ನುವುದು ನಮ್ಮ ಲೆಕ್ಕ. ನೂರು ಮೀಟರ್ ಓಟಕ್ಕಾದರೆ ಆ ಲೆಕ್ಕ ಬಹುಪಾಲು ಸರಿ. ಮ್ಯಾರಥಾನಿನಲ್ಲಿ ನೋಡಬೇಕಾದ್ದು ಬೇರೆ. ಆ ಸಮಯ ಹೇಗೆ ಬಂತು? ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಆ ಓಟಗಾರನ ಕಾಲು ಏನು ಮಾಡಿತು? ನಾನು ಪಟ್ಟಿ ಓದುವುದು ಈ ಎರಡು ಪ್ರಶ್ನೆ ಇಟ್ಟುಕೊಂಡು.

ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ದೇಹ ಕೂಡಿಟ್ಟುಕೊಂಡ ಗ್ಲೈಕೋಜನ್ ಹೆಚ್ಚುಕಡಿಮೆ ಆ ಹೊತ್ತಿಗೆ ತಳ ಕಾಣತೊಡಗುತ್ತದೆ. ಅಲ್ಲಿಯವರೆಗೆ ಕುಡಿದ ಪಾನೀಯ ಎಷ್ಟು ದಕ್ಕಿತು, ಮೊದಲ ಅರ್ಧದಲ್ಲಿ ಎಷ್ಟು ಶಕ್ತಿ ಪೋಲಾಯಿತು, ಎಲ್ಲದರ ಬಾಕಿ ಅಲ್ಲಿ ಚುಕ್ತಾ ಆಗಬೇಕು. ಲಂಡನ್ನಿನ ಹಾದಿಯೂ ಇದಕ್ಕೆ ಹೇಳಿ ಮಾಡಿಸಿದಂತಿದೆ. ಗ್ರೀನಿಚ್ ಕಡೆಯಿಂದ ಹೊರಟ ರಸ್ತೆ ಮೊದಲ ಐದು ಕಿಲೋಮೀಟರ್ ಇಳಿಜಾರು. ಕಾಲು ತಾನಾಗಿ ಓಡುತ್ತದೆ, ಅವಸರ ಮಾಡಿದವರಿಗೆ ಅದರ ಬೆಲೆ ಆಗ ತಿಳಿಯುವುದಿಲ್ಲ. ಟವರ್ ಬ್ರಿಡ್ಜ್ ದಾಟುವಾಗ ಸುಮಾರು ಅರ್ಧ ದಾರಿ. ಅಲ್ಲಿಂದ ಪೂರ್ವಕ್ಕೆ ತಿರುಗಿ ಕ್ಯಾನರಿ ವಾರ್ಫಿನ ಎತ್ತರದ ಕಟ್ಟಡಗಳ ನಡುವೆ ಸುತ್ತಿ, ಮತ್ತೆ ಹೈವೇ ಎಂಬ ಅದೇ ರಸ್ತೆಗೆ ಮರಳಬೇಕು. ಆ ಹೊತ್ತಿಗೆ 35 ಕಿಲೋಮೀಟರ್ ಮುಗಿಯುತ್ತ ಬಂದಿರುತ್ತದೆ. ಆಮೇಲೆ ಥೇಮ್ಸ್ ದಂಡೆ, ಬಿಗ್ ಬೆನ್, ಕೊನೆಗೆ ಅರಮನೆಯ ಮುಂದಿನ ಮಾಲ್ ರಸ್ತೆ.

2023ರಲ್ಲಿ ಕೆಲ್ವಿನ್ ಕಿಪ್ಟಮ್ ಈ ಹಾದಿಯಲ್ಲಿ ಓಡಿದ್ದನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮೊದಲ ಅರ್ಧಕ್ಕೆ 61 ನಿಮಿಷ 40 ಸೆಕೆಂಡು, ಎರಡನೆಯ ಅರ್ಧಕ್ಕೆ 59 ನಿಮಿಷ 45 ಸೆಕೆಂಡು. ಉಳಿದವರು ಸೋಲತೊಡಗುವ ಜಾಗದಲ್ಲೇ ಆತ ಓಟ ಶುರುಮಾಡಿದಂತಿತ್ತು. 2:01:25ರ ಆ ಕೂಟ ದಾಖಲೆ ಇನ್ನೂ ಅಲುಗಾಡಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ರಸ್ತೆ ಅಪಘಾತ ಅವನನ್ನು ಒಯ್ದಾಗ ಅವನಿಗೆ ಬರೀ 24 ವರ್ಷ. ಮ್ಯಾರಥಾನ್ ಪ್ರೀತಿಸುವವರಿಗೆ ಆ ನೋವು ಇನ್ನೂ ಆರಿಲ್ಲ.

ಈ ಸಲ ಹೆಚ್ಚು ಸದ್ದು ಮಾಡುತ್ತಿರುವ ಹೆಸರು ಉಗಾಂಡಾದ ಜೇಕಬ್ ಕಿಪ್ಲಿಮೊ. ವಯಸ್ಸು 24, ಇದು ಮೊದಲ ಮ್ಯಾರಥಾನ್. ಕಳೆದ ಫೆಬ್ರವರಿಯಲ್ಲಿ ಬಾರ್ಸಿಲೋನಾದ ಹಾಫ್ ಮ್ಯಾರಥಾನನ್ನು 56 ನಿಮಿಷ 42 ಸೆಕೆಂಡಿನಲ್ಲಿ ಓಡಿ ಮುಗಿಸಿದ. ಅದಕ್ಕೂ ಮೊದಲು ಯಾರೂ 57 ನಿಮಿಷದೊಳಗೆ ಬಂದಿರಲಿಲ್ಲ. ಕಿಲೋಮೀಟರಿಗೆ 2 ನಿಮಿಷ 41 ಸೆಕೆಂಡಿನಂತೆ 21 ಕಿಲೋಮೀಟರ್! 15ನೇ ವಯಸ್ಸಿಗೇ ರಿಯೊ ಒಲಿಂಪಿಕ್ಸಿನಲ್ಲಿ 5,000 ಮೀಟರ್ ಓಡಿದ ಹುಡುಗ. ಎರಡು ಸಲ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್. ಅವನ ಓಟ ನೋಡುವುದೇ ಒಂದು ಸುಖ. ಭುಜ ಅಲುಗುವುದಿಲ್ಲ, ಮುಖದಲ್ಲಿ ಶ್ರಮ ಕಾಣುವುದಿಲ್ಲ, ಹೆಜ್ಜೆ ನೆಲಕ್ಕೆ ತಾಗಿದ್ದೇ ಗೊತ್ತಾಗದಷ್ಟು ಹಗುರ.

ಆದರೂ ನನ್ನ ಮನಸ್ಸು ಪೂರ್ತಿ ಅವನ ಕಡೆ ವಾಲುತ್ತಿಲ್ಲ. ಕಾರಣ, ಅವನ ದೇಶದವನೇ ಆದ ಜೋಶುವಾ ಚೆಪ್ಟೆಗೈ. 5,000 ಮೀಟರಿನಲ್ಲೂ 10,000 ಮೀಟರಿನಲ್ಲೂ ವಿಶ್ವದಾಖಲೆ ಇಟ್ಟುಕೊಂಡಿರುವ ಆತ 2023ರ ಡಿಸೆಂಬರಿನಲ್ಲಿ ವೆಲೆನ್ಸಿಯಾದಲ್ಲಿ ಮೊದಲ ಸಲ ಮ್ಯಾರಥಾನಿಗೆ ಇಳಿದ. ಬಂದದ್ದು 37ನೆಯವನಾಗಿ, 2:08:59ಕ್ಕೆ. ಟ್ರ್ಯಾಕಿನಲ್ಲಿ ಅವನಷ್ಟು ವೇಗ ಇನ್ನೊಬ್ಬರಿಗಿಲ್ಲ. ಆ ವೇಗ ಮೂವತ್ತರ ಆಚೆ ಅವನ ಜೊತೆ ಬರಲಿಲ್ಲ, ಅಷ್ಟೆ. ಎಂಟೇ ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಚಿನ್ನ ಗೆದ್ದ, ಶರತ್ಕಾಲದಲ್ಲಿ ದೆಹಲಿ ಹಾಫ್ ಮ್ಯಾರಥಾನನ್ನೂ ಗೆದ್ದ; ಅವನ ಶಕ್ತಿ ಕುಂದಿರಲಿಲ್ಲ ಅನ್ನಲು ಇಷ್ಟು ಸಾಕು. ಈ ಭಾನುವಾರ ಬೆಳಗ್ಗೆ ಆತ ಓಡುವುದು ನಮ್ಮ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ. ಬೆಳಗ್ಗೆ ರಸ್ತೆಬದಿಯಲ್ಲಿ ಚೆಪ್ಟೆಗೈ, ಮಧ್ಯಾಹ್ನ ಟಿವಿಯಲ್ಲಿ ಕಿಪ್ಲಿಮೊ. ಬೆಂಗಳೂರಿನವರಿಗೆ ಇಂಥ ಭಾನುವಾರ ಮತ್ತೆ ಯಾವಾಗಲೋ.

ಬೆಂಗಳೂರಿಗೆ ಲಂಡನ್ ಓಟದ ಜೊತೆ ಇನ್ನೊಂದು ನಂಟೂ ಇದೆ, ಅದು ಇನ್ನೂ ಹತ್ತಿರದ್ದು. 2023ರ ಮೇ ತಿಂಗಳಲ್ಲಿ ನಮ್ಮ ಹತ್ತು ಕಿಲೋಮೀಟರ್ ಓಟವನ್ನು 27 ನಿಮಿಷ 58 ಸೆಕೆಂಡಿನಲ್ಲಿ ಗೆದ್ದ ಕೀನ್ಯಾದ ಸಬಾಸ್ಟಿಯನ್ ಸಾವೆಯ ಹೆಸರು ಅಂದು ಇಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದ ಊರಿನಲ್ಲಿ, ಬೇಸಿಗೆಯಲ್ಲಿ ಬಂದ ಸಮಯ ಅದು. ಯುರೋಪಿನ ಚಳಿಯ ಬಯಲುನಗರಗಳ ಸಮಯದ ಪಕ್ಕ ಇಟ್ಟು ತೂಗಿದರೆ ಅನ್ಯಾಯವಾಗುತ್ತದೆ.

ಸಾವೆಯದು ಸದ್ದಿಲ್ಲದ ಏರಿಕೆ. 2022ರ ಜನವರಿಯಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿ ಹಾಫ್ ಮ್ಯಾರಥಾನಿಗೆ ಅವನನ್ನು ಕರೆಸಿದ್ದು ಪೇಸ್‌ಮೇಕರ್ ಆಗಿ, ಅಂದರೆ ಬೇರೆಯವರಿಗಾಗಿ ಮುಂದೆ ಓಡಿ ದಾರಿಯಲ್ಲೇ ಸರಿದು ನಿಲ್ಲಲು. ಆತ ನಿಲ್ಲಲಿಲ್ಲ. 59 ನಿಮಿಷ 2 ಸೆಕೆಂಡಿಗೆ ಓಟವನ್ನೇ ಗೆದ್ದುಬಿಟ್ಟ. ಬೆಂಗಳೂರಿನ ಗೆಲುವಿನ ನಾಲ್ಕೇ ತಿಂಗಳಿಗೆ ರೀಗಾದಲ್ಲಿ ಹಾಫ್ ಮ್ಯಾರಥಾನಿನ ವಿಶ್ವ ಚಾಂಪಿಯನ್. ಕಳೆದ ಸೆಪ್ಟೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ 58:05. ಆಮೇಲೆ ಡಿಸೆಂಬರಿನಲ್ಲಿ ವೆಲೆನ್ಸಿಯಾ. ವರ್ಷದ ಹಿಂದೆ ಚೆಪ್ಟೆಗೈ ಸೋತ ಅದೇ ಊರು, ಅದೇ ಓಟ. ಸಾವೆ 2:02:05ಕ್ಕೆ ಗೆದ್ದ. ಮೊದಲ ಮ್ಯಾರಥಾನಿನಲ್ಲಿ ಇದಕ್ಕಿಂತ ವೇಗವಾಗಿ ಓಡಿದವನು ಕಿಪ್ಟಮ್ ಒಬ್ಬನೇ. ಒಂದೇ ಮ್ಯಾರಥಾನ್ ಓಡಿ ಇತಿಹಾಸದ ಐದನೇ ಅತಿವೇಗದ ಓಟಗಾರನಾದ.

ನನ್ನನ್ನು ಒಪ್ಪಿಸಿದ್ದು ಆ ಸಮಯಕ್ಕಿಂತ ಅವನು ಓಟವನ್ನು ನಿಭಾಯಿಸುವ ರೀತಿ. ಗುಂಪಿನೊಳಗೆ ಆತ ಯಾರ ಕಣ್ಣಿಗೂ ಬೀಳದಂತೆ ಇರಬಲ್ಲ. ಪಕ್ಕದವರು ಮುನ್ನುಗ್ಗಿದರೆ ಕೂಡಲೇ ಬೆನ್ನತ್ತುವುದಿಲ್ಲ. ತನ್ನ ಹೊತ್ತು ಬಂದಾಗ ಮಾತ್ರ ಹೊರಡುತ್ತಾನೆ, ಹೊರಟ ಮೇಲೆ ಹಿಂತಿರುಗಿ ನೋಡುವುದಿಲ್ಲ. ಪೇಸ್‌ಮೇಕರ್ ಆಗಿ ಬಂದವನಿಗೆ ವೇಗದ ಅಳತೆ ಕಾಲಿನಲ್ಲೇ ಇರುತ್ತದೆ. ಗಡಿಯಾರ ನೋಡಿ ಕಲಿಯುವ ವಿದ್ಯೆ ಅದಲ್ಲ. ಪುರುಷರ ಓಟದಲ್ಲಿ ನನ್ನ ಮೊದಲ ಹೆಸರು ಸಾವೆ, ಎರಡನೆಯದು ಕಿಪ್ಲಿಮೊ. ಹೈವೇಗೆ ಮರಳುವ ತಿರುವಿನಲ್ಲಿ ಕಿಪ್ಲಿಮೊ ಇನ್ನೂ ಮುಂದಿದ್ದರೆ ಈ ಅಂದಾಜು ಬುಡಮೇಲಾಗಲಿ, ಮ್ಯಾರಥಾನಿಗೆ ಹೊಸ ರಾಜ ಸಿಕ್ಕನೆಂದು ಸಂತೋಷಪಡುತ್ತೇನೆ.

ಹಳೆಯ ರಾಜನ ವಿಷಯಕ್ಕೆ ಬಂದರೆ ಕೈ ತಡವರಿಸುತ್ತದೆ. ಎಲಿಯುಡ್ ಕಿಪ್‌ಚೊಗೆಗೆ ಈಗ 40. ಲಂಡನ್ ಗೆದ್ದದ್ದು 2015, 2016, 2018, 2019ರಲ್ಲಿ. ನಾಲ್ಕು ಸಲ ಗೆದ್ದ ಪುರುಷ ಇನ್ನೊಬ್ಬನಿಲ್ಲ. ವಿಯೆನ್ನಾದಲ್ಲಿ ಆತನಿಗೆಂದೇ ಏರ್ಪಡಿಸಿದ ಓಟದಲ್ಲಿ ಎರಡು ಗಂಟೆಯ ಗೋಡೆ ಒಡೆದಾಗ ಜಗತ್ತೇ ನಿಂತು ನೋಡಿತು. ಆದರೆ 2024 ಅವನ ವರ್ಷವಾಗಲಿಲ್ಲ. ಟೋಕಿಯೊದಲ್ಲಿ ಹತ್ತನೆಯವನಾದ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೂವತ್ತರ ಸುತ್ತಮುತ್ತಲೇ ನಡೆಯತೊಡಗಿ ಓಟ ಬಿಟ್ಟ. ಮ್ಯಾರಥಾನನ್ನು ಅರ್ಧಕ್ಕೆ ಬಿಟ್ಟದ್ದು ಅವನ ಬದುಕಿನಲ್ಲಿ ಅದೇ ಮೊದಲು. ಅವನು ಗೆಲ್ಲುತ್ತಾನೆ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಮೊದಲ ಐದಾರು ಮಂದಿಯಲ್ಲಿ ಬಂದರೆ, ಆ ವಯಸ್ಸಿಗೆ, ಆ ಗುಂಪಿನಲ್ಲಿ, ಅದು ಸಣ್ಣ ಸಾಧನೆಯಲ್ಲ. ಆತ ಓಡುವಷ್ಟು ಹೊತ್ತು ಅವನನ್ನು ಮನಸಾರೆ ನೋಡಿಕೊಳ್ಳಿ ಎಂದಷ್ಟೇ ಓದುಗರಲ್ಲಿ ನನ್ನ ಕೋರಿಕೆ.

ಇಥಿಯೋಪಿಯಾದ ತಮಿರತ್ ತೋಲಾನನ್ನು ಯಾರೂ ಮೊದಲಿಗೆ ಹೇಳುವುದಿಲ್ಲ, ಆತ ಮಾತ್ರ ದೊಡ್ಡ ಓಟಗಳನ್ನು ಗೆಲ್ಲುತ್ತಲೇ ಇರುತ್ತಾನೆ. 2022ರಲ್ಲಿ ವಿಶ್ವ ಚಾಂಪಿಯನ್, 2023ರಲ್ಲಿ ನ್ಯೂಯಾರ್ಕ್. ಪ್ಯಾರಿಸ್ಸಿಗೆ ಹೋದದ್ದು ಗಾಯಗೊಂಡ ಸಂಗಡಿಗನ ಬದಲಿಗೆ, ಮರಳಿದ್ದು ಒಲಿಂಪಿಕ್ ದಾಖಲೆಯ ಚಿನ್ನದೊಂದಿಗೆ. ಏರಿಳಿತದ ಹಾದಿ ಇವನಿಗೆ ಹೆಚ್ಚು ಒಪ್ಪುತ್ತದೆ, ಲಂಡನ್ ಅಷ್ಟು ಕಠಿಣವಲ್ಲ. ಹೋದ ವರ್ಷ ಇಲ್ಲಿ ಗೆದ್ದ ಅಲೆಕ್ಸಾಂಡರ್ ಮುಟಿಸೊ ಮುನ್ಯಾವ್, ನ್ಯೂಯಾರ್ಕ್ ಗೆದ್ದ ಡಚ್ಚರ ಅಬ್ದಿ ನಗೀಯೆ, ಇಬ್ಬರೂ ಮೂರನೇ ಸ್ಥಾನಕ್ಕೆ ಗಟ್ಟಿ ಹಕ್ಕುದಾರರು. ಬ್ರಿಟನ್ನಿನವರು ಕಾಯುತ್ತಿರುವುದು ಪ್ಯಾರಿಸ್ಸಿನ ಟ್ರಯಥ್ಲಾನ್ ಚಿನ್ನದ ಹುಡುಗ ಅಲೆಕ್ಸ್ ಯೀಯ ಮೊದಲ ಮ್ಯಾರಥಾನಿಗೆ. ಮಹಿಳೆಯರಲ್ಲಿ ಐಲಿಶ್ ಮೆಕಾಲ್ಗನ್‌ಗೂ ಇದೇ ಮೊದಲು, ಅವಳ ತಾಯಿ ಲಿಜ್ 1996ರಲ್ಲಿ ಇದೇ ಓಟ ಗೆದ್ದವರು. ಈ ಅಂಕಿಗಳ ನಡುವೆ ನಮ್ಮದೊಂದನ್ನೂ ನೆನೆಯಬೇಕು: ಭಾರತದ ಪುರುಷರ ಮ್ಯಾರಥಾನ್ ದಾಖಲೆ 2:12:00, ಶಿವನಾಥ್ ಸಿಂಗ್ ಜಲಂಧರದಲ್ಲಿ 1978ರಲ್ಲಿ ಓಡಿದ್ದು. ನಾಲ್ಕೂವರೆ ದಶಕ ದಾಟಿದರೂ ಅದನ್ನು ಮೀರಿದವರಿಲ್ಲ.

ಮಹಿಳೆಯರ ಓಟ ಪುರುಷರದಕ್ಕಿಂತ ಅರ್ಧ ಗಂಟೆ ಮೊದಲೇ, ನಮ್ಮ ಮಧ್ಯಾಹ್ನ ಒಂದೂವರೆ ದಾಟುತ್ತಿದ್ದಂತೆ ಶುರು. ಪುರುಷ ಪೇಸ್‌ಮೇಕರ್‌ಗಳ ನೆರವಿಲ್ಲದೆ ಓಡುವುದರಿಂದ ಇಲ್ಲಿನ ಸಮಯಕ್ಕೆ ಪ್ರತ್ಯೇಕ ವಿಶ್ವದಾಖಲೆಯೇ ಇದೆ: ಪೆರೆಸ್ ಜೆಪ್‌ಚಿರ್‌ಚಿರ್ ಹೋದ ವರ್ಷ ಇಲ್ಲೇ ಓಡಿದ 2:16:16. ಆಕೆಯೂ ಬೆಂಗಳೂರಿನ ಹಳೆಯ ವಿಜೇತೆ, 2016ರವಳು. ಕಾಲಿನ ಗಾಯದಿಂದ ಈ ಸಲ ಬರುತ್ತಿಲ್ಲ. ವಿಶ್ವದಾಖಲೆಯ ರುತ್ ಚೆಪ್ನ್‌ಗೆಟಿಚ್ ಕೂಡ ಹಿಂದೆ ಸರಿದಿದ್ದಾಳೆ. ಹಾಗಾಗಿ ಕಣದಲ್ಲಿ ಮುಖ್ಯವಾಗಿ ಉಳಿದವರು ಇಬ್ಬರು, ಪ್ಯಾರಿಸ್ಸಿನ ಕೊನೆಯ ತಿರುವಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡ ಅದೇ ಇಬ್ಬರು.

ಸಿಫಾನ್ ಹಸನ್ ಇಥಿಯೋಪಿಯಾದಲ್ಲಿ ಹುಟ್ಟಿ 15ನೇ ವಯಸ್ಸಿಗೆ ನಿರಾಶ್ರಿತೆಯಾಗಿ ನೆದರ್ಲೆಂಡ್ಸಿಗೆ ಬಂದವಳು. ಪ್ಯಾರಿಸ್ಸಿನಲ್ಲಿ 5,000 ಮತ್ತು 10,000 ಮೀಟರ್ ಎರಡರಲ್ಲೂ ಕಂಚು ಗೆದ್ದು, ಅದರ ಬೆನ್ನಿಗೇ ಮ್ಯಾರಥಾನ್ ಓಡಿ ಟಿಗಿಸ್ಟ್ ಅಸೆಫಾಳನ್ನು ಮೂರೇ ಸೆಕೆಂಡಿನಿಂದ ಹಿಂದಿಕ್ಕಿದಳು. ತಳ್ಳಿದಳೆಂದು ಇಥಿಯೋಪಿಯಾ ದೂರಿತು, ದೂರು ನಿಲ್ಲಲಿಲ್ಲ. 2023ರಲ್ಲಿ ಇದೇ ಲಂಡನ್ನಿನಲ್ಲಿ ಅವಳ ಮೊದಲ ಮ್ಯಾರಥಾನ್ ನೋಡಿದವರು ಅದನ್ನು ಮರೆಯುವುದುಂಟೇ? ನಡುವೆ ನಿಂತು ಸೊಂಟ ಹಿಡಿದು ಕಾಲು ಚಾಚಿದಳು. ಮುಂದಿನ ಗುಂಪು ಕಣ್ಮರೆಯಾಗುವಷ್ಟು ದೂರ ಹೋಯಿತು. ಹೇಗೋ ಹಿಡಿದಳು. ಪಾನೀಯಕ್ಕೆಂದು ಅಡ್ಡ ಸರಿದು ಮೋಟಾರ್ ಬೈಕಿಗೆ ಸಿಕ್ಕಿಬೀಳುವುದರಲ್ಲಿದ್ದಳು. ಕೊನೆಗೆ ಮಾಲ್ ರಸ್ತೆಯಲ್ಲಿ ಎಲ್ಲರನ್ನೂ ದಾಟಿ 2:18:33ಕ್ಕೆ ಗೆದ್ದಳು. 1,500 ಮೀಟರ್ ಓಟಗಾರ್ತಿಯ ಕೊನೆಯ ವೇಗ 42 ಕಿಲೋಮೀಟರ್ ಆದ ಮೇಲೂ ಅವಳಲ್ಲಿ ಉಳಿದಿತ್ತು.

ಅಸೆಫಾ ಅದಕ್ಕೆ ತದ್ವಿರುದ್ಧ. ಒಂದು ಕಾಲಕ್ಕೆ 800 ಮೀಟರ್ ಓಡಿದವಳಾದರೂ ಅವಳ ಬಲ ಈಗ ಎಡೆಬಿಡದ ಓಟದಲ್ಲಿದೆ. ಬರ್ಲಿನ್ನಿನಲ್ಲಿ 2023ರಲ್ಲಿ 2:11:53 ಓಡಿ ಜಗತ್ತನ್ನು ಬೆರಗುಗೊಳಿಸಿದಳು. ಸೋತದ್ದು ಎಲ್ಲಿ? ಹೋದ ವರ್ಷ ಲಂಡನ್ನಿನಲ್ಲಿ ಜೆಪ್‌ಚಿರ್‌ಚಿರ್‌ಗೆ ಏಳು ಸೆಕೆಂಡಿನಿಂದ, ಪ್ಯಾರಿಸ್ಸಿನಲ್ಲಿ ಹಸನ್‌ಗೆ ಮೂರು ಸೆಕೆಂಡಿನಿಂದ. ಎರಡೂ ಸಲ ಕೊನೆಯ ಕೆಲವು ನೂರು ಮೀಟರಿನಲ್ಲಿ. ಗೆಲ್ಲಬೇಕಾದರೆ ಅವಳು ಅಲ್ಲಿಯವರೆಗೆ ಕಾಯಬಾರದು. ಕ್ಯಾನರಿ ವಾರ್ಫಿನಿಂದ ಹೊರಬರುವಾಗಲೇ ವೇಗ ಏರಿಸಿ, ಕೊನೆಯ ಓಟಕ್ಕೆ ಹಸನ್ ಜೊತೆಗೇ ಇಲ್ಲದಂತೆ ಮಾಡಬೇಕು. 2021ರಲ್ಲಿ ಇಲ್ಲಿ ಗೆದ್ದ ಜಾಯ್‌ಸಿಲಿನ್ ಜೆಪ್ಕೊಸ್ಗೆ ಮೂರನೆಯವಳಾಗಿ ಜೊತೆಗಿದ್ದರೆ ಆ ವೇಗಕ್ಕೆ ಇನ್ನಷ್ಟು ಕಾವು ಸಿಗುತ್ತದೆ. ಬಿಸಿಲು ಇರಬಹುದೆಂಬ ಸೂಚನೆ ಮಾತ್ರ ಯಾರಿಗೂ ಒಳ್ಳೆಯದಲ್ಲ. ನಮಗೆ ತಂಪೆನಿಸುವ 20 ಡಿಗ್ರಿ ಮ್ಯಾರಥಾನ್ ಓಟಗಾರರಿಗೆ ಸೆಕೆಯೇ.

ಥೇಮ್ಸ್ ದಂಡೆಯಲ್ಲಿ ಇಬ್ಬರೂ ಒಟ್ಟಿಗಿದ್ದರೆ ಹಸನ್ ಗೆಲ್ಲುತ್ತಾಳೆ, ಅದರಲ್ಲಿ ನನಗೆ ಸಂಶಯವಿಲ್ಲ. ಅಸೆಫಾ ಒಬ್ಬಳೇ ಆ ದಂಡೆಗೆ ಬಂದರೆ ಗೆಲುವಿನ ಜೊತೆಗೆ 2:16:16 ಕೂಡ ಅವಳ ಕೈಗೆ ಬೀಳಬಹುದು.