ಹನ್ನೆರಡು ಜನರ ಕಣ್ಣು, ಒಂದು ಪುಟದ ವರದಿ

2020ರ ಮೇ ತಿಂಗಳಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆ ಕೋವಿಡ್ ರೋಗಿಗಳ ರೆಟಿನಾ ಕುರಿತು ಒಂದು ಪುಟ್ಟ ವರದಿಯನ್ನು ಪ್ರಕಟಿಸಿತು. ಬರೆದವರು ಬ್ರೆಜಿಲ್‌ನ ಸಾವೊ ಪಾಲೊ ನಗರದ ಪೌಲಾ ಮರಿನ್ಯೊ, ರೂಬೆನ್ಸ್ ಬೆಲ್ಫೋರ್ಟ್ ಮತ್ತು ಸಂಗಡಿಗರು. ರೋಗಲಕ್ಷಣ ಶುರುವಾಗಿ 11ರಿಂದ 33 ದಿನ ಕಳೆದಿದ್ದ 12 ಜನರ ಕಣ್ಣುಗಳನ್ನು ಅವರು ಪರೀಕ್ಷಿಸಿದ್ದರು. ಎಲ್ಲರಿಗೂ ಜ್ವರ, ಸುಸ್ತು, ಉಸಿರಾಟದ ತೊಂದರೆ ಬಂದಿತ್ತು. 11 ಜನರಿಗೆ ವಾಸನೆಯೂ ಹೋಗಿತ್ತು. ದೃಷ್ಟಿ ಮಾತ್ರ ಎಲ್ಲರದೂ ಚೆನ್ನಾಗಿಯೇ ಇತ್ತು.

ವರದಿ ಎರಡು ಸಂಗತಿಗಳನ್ನು ಹೇಳುತ್ತದೆ. ಓಸಿಟಿ ಸ್ಕ್ಯಾನ್‌ನಲ್ಲಿ ರೆಟಿನಾದ ಒಳಪದರಗಳಲ್ಲಿ ಹೊಳೆಯುವ ಚುಕ್ಕೆಗಳು 12 ಜನರಲ್ಲೂ, ಎರಡೂ ಕಣ್ಣುಗಳಲ್ಲಿ ಕಂಡವು. ನಾಲ್ವರ ರೆಟಿನಾದಲ್ಲಿ ಇವಲ್ಲದೆ ಹತ್ತಿ ಉಂಡೆಯಂಥ ಮಸುಕು ಬಿಳಿ ಕಲೆಗಳೂ ಸೂಕ್ಷ್ಮ ರಕ್ತಸ್ರಾವವೂ ಇದ್ದವು. ಲೇಖಕರು ಒತ್ತು ಕೊಟ್ಟದ್ದು ಮೊದಲನೆಯದಕ್ಕೆ. ನನ್ನ ತಕರಾರು ಇರುವುದು ಅಲ್ಲೇ.

ಓಸಿಟಿ ಯಂತ್ರ ಕಣ್ಣಿಗೆ ಕಾಣದ ಕೆಂಪಿನಾಚೆಯ (ಇನ್ಫ್ರಾರೆಡ್) ಬೆಳಕನ್ನು ರೆಟಿನಾದ ಮೇಲೆ ಹಾಯಿಸಿ, ಹಿಂದಿರುಗುವ ಬೆಳಕಿನಿಂದ ಪದರಪದರವಾಗಿ ಚಿತ್ರ ಕಟ್ಟುತ್ತದೆ. ಬೆಳಕನ್ನು ಹೆಚ್ಚು ಹಿಂದಕ್ಕೆ ಚೆಲ್ಲುವ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ರಕ್ತನಾಳವೊಂದು ಸ್ಕ್ಯಾನಿನ ಗೆರೆಗೆ ಅಡ್ಡ ಬಂದರೂ ಹೊಳೆಯುವ ಚುಕ್ಕೆಯೇ ಕಾಣುತ್ತದೆ, ಅದರ ಕೆಳಗೆ ನೆರಳು ಬೀಳುತ್ತದೆ. ಆರೋಗ್ಯವಂತರ ಕಣ್ಣಿನಲ್ಲೂ ಇದು ದಿನನಿತ್ಯದ ನೋಟ. ಡೆಮೆಟ್ರಿಯೋಸ್ ವಾವಾಸ್, ಡೇವಿಡ್ ಸರಾಫ್, ಶ್ರೀನಿವಾಸ್ ಸದ್ದಾ ಮೊದಲಾದ ರೆಟಿನಾ ತಜ್ಞರು ಅದೇ ವರ್ಷ ‘ಐ’ (Eye) ಪತ್ರಿಕೆಯಲ್ಲಿ ಎತ್ತಿದ ಆಕ್ಷೇಪ ಇದೇ: ನೀವು ರೋಗದ ಗುರುತೆಂದು ತೋರಿಸಿರುವ ಚುಕ್ಕೆಗಳು ಸಹಜ ರಕ್ತನಾಳಗಳಂತೆ ಕಾಣುತ್ತಿವೆ. ನನಗೆ ಈ ಓದು ಹೆಚ್ಚು ನಂಬಲರ್ಹ ಎನಿಸುತ್ತದೆ. ಅದೇ ರೋಗಿಗಳಲ್ಲಿ ರಕ್ತಸಂಚಾರ ತೋರಿಸುವ ಓಸಿಟಿ ಆಂಜಿಯೋಗ್ರಫಿಯಾಗಲಿ, ರೆಟಿನಾದ ಗ್ಯಾಂಗ್ಲಿಯಾನ್ ನರಕೋಶಗಳ ಅಳತೆಯಾಗಲಿ ಏರುಪೇರು ತೋರಲಿಲ್ಲವೆಂದು ಲೇಖಕರೇ ಬರೆದಿದ್ದಾರೆ. ಹೋಲಿಸಿ ನೋಡಲು ಕೋವಿಡ್ ಬಾರದವರ ಒಂದೇ ಒಂದು ಸ್ಕ್ಯಾನ್ ಇಲ್ಲ. ಇದೇ 12 ಜನರ ಹಳೆಯ ಚಿತ್ರಗಳೂ ಇಲ್ಲ.

ವಾಸನೆಯ ವಿಷಯದಲ್ಲೂ ಹೋಲಿಕೆಯದೇ ಕೊರತೆ. 12ರಲ್ಲಿ 11 ಜನರಿಗೆ ವಾಸನೆ ಹೋಗಿತ್ತು ಎನ್ನುವುದು ಓದಿದ ಕೂಡಲೇ ದೊಡ್ಡ ಸುಳಿವಿನಂತೆ ಕಾಣುತ್ತದೆ. ಮಿದುಳಿನ ಮೊದಲನೇ ನರ ವಾಸನೆಯದು, ಎರಡನೆಯದು ದೃಷ್ಟಿಯದು, ರೆಟಿನಾ ಭ್ರೂಣದಲ್ಲಿ ಮಿದುಳಿನಿಂದಲೇ ಚಿಗುರುವ ಅಂಗಾಂಶ. ವೈರಸ್ ಮೂಗಿನಿಂದ ನರ ಹಿಡಿದು ಒಳಗೆ ನಡೆದಿರಬೇಕು ಎಂದು ಕಲ್ಪಿಸಿಕೊಳ್ಳುವುದು ಸುಲಭ. ಆದರೆ ವಾಸನೆ ಹೋಗದವರು ಒಬ್ಬರೇ ಇದ್ದಾಗ ಯಾರನ್ನು ಯಾರ ಜೊತೆ ಹೋಲಿಸುವುದು? ಮೇಲಾಗಿ, ವೈರಸ್ಸು ಕೋಶದೊಳಗೆ ನುಗ್ಗಲು ಬಳಸುವ ಎಸಿಇ2 ಎಂಬ ಪ್ರೋಟೀನು ವಾಸನೆಯ ನರಕೋಶಗಳಲ್ಲಿ ಅಲ್ಲ, ಅವಕ್ಕೆ ಆಸರೆಯಾಗಿರುವ ಕೋಶಗಳಲ್ಲಿದೆ ಎಂದು ಹಾರ್ವರ್ಡ್‌ನ ಸಂದೀಪ್ ರಾಬರ್ಟ್ ದತ್ತಾ ಅವರ ತಂಡ 2020ರಲ್ಲೇ ತೋರಿಸಿತು. ಅಂದರೆ ವಾಸನೆ ಹೋಯಿತು ಎಂದ ಮಾತ್ರಕ್ಕೆ ನರಕ್ಕೇ ಸೋಂಕು ತಗುಲಿದೆ ಎಂದಾಗುವುದಿಲ್ಲ.

ರುಚಿಯ ಕುರಿತೂ ಒಂದು ಮಾತು ಹೇಳಬೇಕು. ಎಷ್ಟೋ ಅಧ್ಯಯನಗಳು ‘ವಾಸನೆ ಅಥವಾ ರುಚಿ ಹೋಗಿತ್ತೇ’ ಎಂದು ಒಂದೇ ಉಸಿರಿನಲ್ಲಿ ಕೇಳಿಬಿಡುತ್ತವೆ. ಸಾರಿನ ಉಪ್ಪು, ಹುಳಿ ಗೊತ್ತಾಗುತ್ತಿದ್ದು ಇಂಗಿನ ಒಗ್ಗರಣೆ ಗೊತ್ತಾಗದಿದ್ದರೆ ಕೆಟ್ಟಿರುವುದು ನಾಲಿಗೆಯಲ್ಲ, ಮೂಗು. ಇವೆರಡನ್ನೂ ಬೇರ್ಪಡಿಸಿ ಪರೀಕ್ಷಿಸದೆ ಕಣ್ಣಿನ ಬದಲಾವಣೆಗೆ ಗಂಟು ಹಾಕುವುದು ದುಡುಕು.

ಇಷ್ಟೆಲ್ಲ ಹೇಳಿದ ಮೇಲೂ ಈ ವರದಿಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ನಾಲ್ವರ ಬಿಳಿ ಕಲೆಗಳು ನಿಜವಾದ ಸುದ್ದಿ. ರೆಟಿನಾದ ಸಣ್ಣ ರಕ್ತನಾಳ ಕಟ್ಟಿಕೊಂಡಾಗ ಆ ಜಾಗದ ನರತಂತುಗಳಲ್ಲಿ ಹರಿವು ನಿಂತು, ಊದಿಕೊಂಡು ಮೂಡುವ ಗುರುತು ಅದು. ಕೋವಿಡ್ ರಕ್ತನಾಳಗಳನ್ನು ಕಾಡುತ್ತದೆ ಎಂಬ ತಿಳಿವಳಿಕೆಗೆ ಸರಿಹೊಂದುತ್ತದೆ. ಇಟಲಿಯ ಮಿಲಾನ್‌ನಲ್ಲಿ ನಡೆದ ಸರ್ಪಿಕೊ-19 ಅಧ್ಯಯನ 54 ರೋಗಿಗಳನ್ನು ಸೋಂಕು ತಗುಲದವರೊಂದಿಗೆ ಹೋಲಿಸಿ, ರೋಗಿಗಳ ರೆಟಿನಾದ ರಕ್ತನಾಳಗಳು ಹಿಗ್ಗಿರುವುದನ್ನು ಅಳೆದು ತೋರಿಸಿತು. ಸಾವೊ ಪಾಲೊದವರು ಬಿಟ್ಟ ಹೋಲಿಕೆಯನ್ನು ಮಾಡಿದ್ದರಿಂದಲೇ ಅದರ ಮಾತಿಗೆ ತೂಕ ಬಂತು. ಇಂಥ ಬಿಳಿ ಕಲೆ ಸಕ್ಕರೆ ಕಾಯಿಲೆಯಲ್ಲೂ ಬಿಪಿ ಏರಿದಾಗಲೂ ಮೂಡುತ್ತದೆ ಎಂಬುದನ್ನೂ ಮರೆಯುವಂತಿಲ್ಲ. 2021ರಲ್ಲಿ ಕೋವಿಡ್‌ಗೆಂದು ಸ್ಟೀರಾಯ್ಡ್ ಪಡೆದು ಸಕ್ಕರೆ ಏರಿಸಿಕೊಂಡವರು ನಮ್ಮೂರುಗಳಲ್ಲೂ ಇದ್ದಾರೆ. ಅಂಥವರ ಕಣ್ಣಿನ ಕಲೆಗೆ ಕಾರಣ ಹೇಳುವ ಮುನ್ನ ವೈದ್ಯರು ಸಕ್ಕರೆ, ಬಿಪಿ ಎರಡನ್ನೂ ನೋಡಲೇಬೇಕು.

ಚುಕ್ಕೆಗಳ ಜಗಳವನ್ನು ಬಗೆಹರಿಸಲು ಒಂದು ಸರಳ ದಾರಿ ಇತ್ತು: ಕೆಲವು ತಿಂಗಳ ನಂತರ ಅದೇ ಜಾಗದ ಸ್ಕ್ಯಾನನ್ನು ಮತ್ತೊಮ್ಮೆ ತೆಗೆಯುವುದು. ರೋಗದಿಂದಾದ ಗಾಯ ಮಾಸುತ್ತದೆ, ಇಲ್ಲವೇ ರೂಪ ಬದಲಿಸುತ್ತದೆ. ಸಹಜ ರಕ್ತನಾಳ ಇದ್ದಲ್ಲೇ ಇರುತ್ತದೆ. 2020ರ ಆ ವಸಂತದಲ್ಲಿ ಎಲ್ಲರಿಗೂ ಅವಸರವಿತ್ತು, ಒಪ್ಪುತ್ತೇನೆ. ಹಾಗಿದ್ದರೂ ಲ್ಯಾನ್ಸೆಟ್ ನಾಲ್ವರ ಬಿಳಿ ಕಲೆಗಳನ್ನಷ್ಟೇ ಆಗ ಪ್ರಕಟಿಸಿ, ಚುಕ್ಕೆಗಳನ್ನು ಎರಡನೇ ಸ್ಕ್ಯಾನ್ ಬರುವವರೆಗೆ ತಡೆಹಿಡಿಯಬೇಕಿತ್ತು.