ಕುರುಕ್ಷೇತ್ರ ನಾಟಕ: ಜಯಕಾರವೂ ಸಂಶಯವೂ



ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂದಿತೆಂದರೆ ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ದೇವಸ್ಥಾನದ ಮುಂದಿನ ಬಯಲಿನಲ್ಲಿ ರಂಗಸಜ್ಜಿಕೆ ಏಳುತ್ತದೆ. ಹೆದ್ದಾರಿಯ ಬದಿಯಲ್ಲಿ ಕಿರೀಟಧಾರಿಗಳಾದ ದುರ್ಯೋಧನ ಭೀಮಾದಿಗಳ ಭಾವಚಿತ್ರಗಳುಳ್ಳ ಫ್ಲೆಕ್ಸ್ ಫಲಕಗಳು ನಿಲ್ಲುತ್ತವೆ. ತುಮಕೂರು ನಗರದ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿಯೂ ಅದೇ ನಾಟಕ, ಅದೇ ಹಾಡು, ಅದೇ ಚಪ್ಪಾಳೆ. ನೂರು ಪೌರಾಣಿಕ ನಾಟಕಗಳಿದ್ದರೂ ನಮ್ಮ ಜನ ಮತ್ತೆ ಮತ್ತೆ ಕಟ್ಟುವುದು ಕುರುಕ್ಷೇತ್ರವನ್ನೇ. ಆದರೆ ಈ ಜಯಕಾರದ ಬೆನ್ನಿಗೇ ಸಂಶಯದ ಮಾತೂ ಕೇಳಿಬರುತ್ತದೆ. ಇದು ಕಲೆಯೇ ಅಥವಾ ಪ್ರದರ್ಶನದ ಹುಚ್ಚೇ? ಇದಕ್ಕೆ ಮಠಗಳ ಆವರಣದಲ್ಲಿ ಎಡೆ ಕೊಡುವುದು ಯುಕ್ತವೇ? ನಮ್ಮ ಹಳೆಯ ವಿದ್ಯಾರ್ಥಿಗಳೇ ಕೇಳುವ ಪ್ರಶ್ನೆ ಇದಾದುದರಿಂದ ಸ್ವಲ್ಪ ವಿವರವಾಗಿ ವಿಚಾರಿಸುವುದು ಉಚಿತ.

ಮೊದಲಿಗೆ ಇದರ ಮೂಲವನ್ನು ನೋಡೋಣ. ಗುಬ್ಬಿಯ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಅದು ಊರಿನ ಆರಾಧ್ಯದೈವದ ಹೆಸರನ್ನೇ ಹೊತ್ತು ಶ್ರೀ ಚನ್ನಬಸವೇಶ್ವರ ಕೃಪಾಪೋಷಿತವೆಂದು ಕರೆಸಿಕೊಂಡಿತು. ಬಾಲ್ಯದಲ್ಲಿಯೇ ಅದರಲ್ಲಿ ಸೇರಿ ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರು (1891–1972) ನಾಟಕವನ್ನು ನಾಡಿನ ಮನೆಮಾತಾಗಿಸಿದರು. 'ಸದಾರಮೆ'ಯ ಕಳ್ಳನ ಪಾತ್ರದಿಂದ ಜನರನ್ನು ನಗಿಸಿದ ಅದೇ ವೀರಣ್ಣನವರು 1934ರಲ್ಲಿ 'ಕುರುಕ್ಷೇತ್ರ'ವನ್ನು ರಂಗಕ್ಕೆ ತಂದಾಗ ನಿಜವಾದ ಆನೆ ಕುದುರೆಗಳನ್ನೇ ಪ್ರೇಕ್ಷಕರ ಮುಂದೆ ನಿಲ್ಲಿಸಿದರು. ಆ ನಾಟಕವನ್ನು ರಚಿಸಿಕೊಟ್ಟವರು ಬಿ. ಪುಟ್ಟಸ್ವಾಮಯ್ಯನವರು. ಬಸವಣ್ಣನವರ ಕಾಲವನ್ನು ಕುರಿತ 'ಕ್ರಾಂತಿ ಕಲ್ಯಾಣ' ಕಾದಂಬರಿಗೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರೂ ಅವರೇ ಎಂಬುದನ್ನು ವಾಚಕರು ಗಮನಿಸಬೇಕು. ಇಂದು ಹಳ್ಳಿಗಳಲ್ಲಿ ಆಡುವ ಕುರುಕ್ಷೇತ್ರ ಒಬ್ಬರ ಕೃತಿಯಾಗಿ ಉಳಿದಿಲ್ಲ; ಹಲವು ಕೈಗಳಲ್ಲಿ ತಿದ್ದಿ ಬೆಳೆದು ಜನರ ಸೊತ್ತಾಗಿದೆ.

ಇದರ ಆಕರ್ಷಣೆಗೆ ಕಾರಣಗಳೇನು? ಒಂದನೆಯದು ಸಂಗೀತ. ಕಂದ, ವೃತ್ತಗಳನ್ನು ಎತ್ತರದ ಶ್ರುತಿಯಲ್ಲಿ ಎಳೆದು ಹಾಡುವ ಕ್ರಮ ಕಂಪನಿ ನಾಟಕದ ಕೊಡುಗೆ. ಕರ್ನಾಟಕ ಸಂಗೀತದ ರಾಗಗಳ ಜೊತೆಗೆ ಮರಾಠಿ ಮತ್ತು ಪಾರ್ಸಿ ನಾಟಕಗಳ ಮಟ್ಟುಗಳೂ ಸೇರಿ ಹದಗೊಂಡ ಈ ಸಂಗೀತ, ಸಭೆಗಳಲ್ಲಿ ಕುಳಿತು ಶಾಸ್ತ್ರೀಯ ಕಚೇರಿ ಕೇಳುವ ಅವಕಾಶವಿಲ್ಲದ ರೈತನ ಕಿವಿಗೂ ರಾಗದ ಸಂಸ್ಕಾರವನ್ನು ಕೊಟ್ಟಿತು. ಎರಡನೆಯದು ಭಾಗವಹಿಸುವಿಕೆ. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡಿಸುತ್ತಾರೆ. ಹಗಲು ಹೊಲದಲ್ಲಿ ದುಡಿದವನು, ಅಂಗಡಿ ನಡೆಸುವವನು, ಶಾಲೆಯ ಉಪಾಧ್ಯಾಯ, ಎಲ್ಲರೂ ಒಂದು ಕಡೆ ಕುಳಿತು ಮಾತು ಕಲಿಯುತ್ತಾರೆ. ಓದು ಬಾರದವನು ಕೇಳಿ ಕೇಳಿಯೇ ನೂರಾರು ಸಾಲುಗಳನ್ನು ಕಂಠಸ್ಥ ಮಾಡುತ್ತಾನೆ. ಹಳಗನ್ನಡದ ಛಾಯೆಯುಳ್ಳ ಪ್ರೌಢ ಭಾಷೆ ಅವನ ನಾಲಗೆಯ ಮೇಲೆ ಸಲೀಸಾಗಿ ಹರಿಯುತ್ತದೆ. ಮೂರನೆಯದು ಕಥಾವಸ್ತು. ದಾಯಾದಿಗಳ ಜಗಳ, ಭೂಮಿಯ ಆಸೆ, ಹಿರಿಯರ ಮೌನ, ಮುರಿದುಬಿದ್ದ ಸಂಧಾನ: ಇವು ಹಸ್ತಿನಾವತಿಯವು ಮಾತ್ರವೇ? ಹಿಸ್ಸೆಯ ವ್ಯಾಜ್ಯಕ್ಕಾಗಿ ತಾಲ್ಲೂಕು ಕಚೇರಿ, ನ್ಯಾಯಾಲಯಗಳಿಗೆ ಅಲೆಯುವ ಜನರಿಗೆ ಇದು ಪುರಾಣವಲ್ಲ, ಮನೆಯ ವಾರ್ತೆ.

ಇನ್ನು ಸಂಶಯದ ಪಕ್ಷ. ಅದು ಇಂದಿನದೇನಲ್ಲ. ಗುಬ್ಬಿ ಸಂಘ ಹುಟ್ಟಿದ 1884ರಲ್ಲಿಯೇ ಜನಿಸಿದ ಟಿ. ಪಿ. ಕೈಲಾಸಂ ಅವರು ಕಂಪನಿ ನಾಟಕದ ಅಬ್ಬರಕ್ಕೆ ಬೆನ್ನುಹಾಕಿ ಮನೆಯ ಪಡಸಾಲೆಯನ್ನೇ ರಂಗವಾಗಿಸಿದರು. ಶ್ರೀರಂಗರು ಹವ್ಯಾಸಿ ರಂಗಭೂಮಿಯ ಪರವಾಗಿ ಜೀವಮಾನವಿಡೀ ವಾದಿಸಿದರು. ಸಂದರ್ಭವೇನೇ ಇರಲಿ ಹಾಡಲೇಬೇಕು, 'ವನ್ಸ್ ಮೋರ್' ಎಂದರೆ ಸತ್ತವನೂ ಎದ್ದು ಮತ್ತೊಮ್ಮೆ ಹಾಡಿ ಸಾಯಬೇಕು, ಬಣ್ಣ ಜರತಾರಿಗಳ ನಡುವೆ ಭಾವ ಕಾಣೆಯಾಗಬೇಕು ಎಂಬುದು ವಿಮರ್ಶಕರ ಆಕ್ಷೇಪಣೆಯ ಸಾರ. ಇದು ನಮ್ಮ ನಾಡಿಗಷ್ಟೇ ಸೀಮಿತವಲ್ಲ. 1986ರಲ್ಲಿ ಲಂಡನ್ನಿನಲ್ಲಿ ಆರಂಭವಾದ 'ದಿ ಫ್ಯಾಂಟಮ್ ಆಫ್ ದಿ ಒಪೆರಾ' ಎಂಬ ಸಂಗೀತ ನಾಟಕದಲ್ಲಿ ಪ್ರೇಕ್ಷಕರ ಕಣ್ಣೆದುರು ಕುಸಿದು ಬರುವ ಬೃಹತ್ ದೀಪಗುಚ್ಛವೇ ಹಾಡಿನಷ್ಟು ಪ್ರಸಿದ್ಧವಾಯಿತು. ಅಲ್ಲಿ ದೀಪಗುಚ್ಛ, ಇಲ್ಲಿ ಆನೆ.

ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ವೇಷಭೂಷಣ, ರಂಗಸಜ್ಜುಗಳು ಆಹಾರ್ಯಕ್ಕೆ ಸೇರಿದವು. ಅಂತರಂಗದ ಭಾವ ಸಾತ್ತ್ವಿಕಕ್ಕೆ ಸೇರಿದ್ದು. ಆಹಾರ್ಯ ತಪ್ಪಲ್ಲ. ಅದು ಸಾತ್ತ್ವಿಕದ ಸ್ಥಾನವನ್ನು ಆಕ್ರಮಿಸಿಕೊಂಡಾಗ ಮಾತ್ರ ದೋಷ ಉಂಟಾಗುತ್ತದೆ. ಹಾಗಾದರೆ ಕಂಪನಿ ನಾಟಕದಲ್ಲಿ ಆದದ್ದು ಬರಿಯ ಆಕ್ರಮಣವೇ? ಅಲ್ಲವೆನ್ನುವುದಕ್ಕೆ ಆ ಗರಡಿಯಿಂದ ಬಂದವರೇ ಸಾಕ್ಷಿ. ಬಿ. ಜಯಮ್ಮ, ಡಾ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಎಲ್ಲರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಬಾಲಕನಾಗಿ ಅದೇ ಕಂಪನಿಯನ್ನು ಸೇರಿದ್ದ ಬಿ. ವಿ. ಕಾರಂತರು ಮುಂದೆ ಶ್ರೀರಂಗರ 'ಸತ್ತವರ ನೆರಳು' ನಾಟಕವನ್ನು ಹಾಡುಗಳಿಂದಲೇ ಗೆಲ್ಲಿಸಿದರು. ಕಂಪನಿ ನಾಟಕವನ್ನು ಒಪ್ಪದ ಲೇಖಕನ ಕೃತಿಗೆ ಕಂಪನಿಯ ಹುಡುಗನೇ ಪ್ರಾಣ ತುಂಬಿದ ಸೋಜಿಗ ಇದು. ಮಠದೊಳಗಿನ ರಾಜಕೀಯವನ್ನು ವಿಡಂಬಿಸುವ ನಾಟಕ ಅದು. ಮಠಗಳವರಾದ ನಾವೂ ಅದನ್ನು ನೋಡಿ ಕಲಿಯತಕ್ಕದ್ದಿದೆ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಹಾಡು ಹೆಚ್ಚೆಂಬುದು ದೊಡ್ಡ ದೂರಲ್ಲ. ನಿಜವಾದ ಸಂಶಯ ಬೇರೆ ಕಡೆಗಿದೆ. ಈಗ ಅನೇಕ ಕಡೆಗಳಲ್ಲಿ ಪಾತ್ರವನ್ನು ಯೋಗ್ಯತೆಯಿಂದಲ್ಲ, ಹಣದಿಂದ ಹಂಚುತ್ತಾರೆ. ಹೆಚ್ಚು ಕೊಟ್ಟವನಿಗೆ ದುರ್ಯೋಧನ, ಕಡಿಮೆ ಕೊಟ್ಟವನಿಗೆ ವಿದುರ. ಕಂಠವಿದ್ದು ಕಾಸಿಲ್ಲದವನು ಪ್ರೇಕ್ಷಕರ ನಡುವೆ ಕುಳಿತಿರುತ್ತಾನೆ. ಸಾಲ ಮಾಡಿ ಪಾತ್ರ ಕಟ್ಟುವವರೂ ಉಂಟು. ಸಂಧಾನದ ದೃಶ್ಯದ ನಡುವೆ ನಾಟಕ ನಿಲ್ಲಿಸಿ ಹಾರ ಹಾಕುವುದು, ಬಹುಮಾನ ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುವುದು, ಮುಖಂಡರ ಭಾಷಣಕ್ಕಾಗಿ ಶ್ರೀಕೃಷ್ಣನನ್ನೇ ಪಕ್ಕಕ್ಕೆ ನಿಲ್ಲಿಸುವುದು ಸಾಮಾನ್ಯವಾಗಿದೆ. ಎಲ್ಲಕ್ಕಿಂತ ವ್ಯಥೆಯ ಸಂಗತಿ ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರದು. ಇಡೀ ರಾತ್ರಿ ಹಾಡುವ ಆ ತಾಯಂದಿರಿಗೆ ಬಣ್ಣ ಹಚ್ಚಿಕೊಳ್ಳಲು ಮರೆಯಾದ ಸ್ಥಳವಿಲ್ಲ, ನಸುಕಿನಲ್ಲಿ ಊರಿಗೆ ಮರಳಲು ವಾಹನವಿಲ್ಲ, ಕೆಲವೊಮ್ಮೆ ಸಭೆಯ ಹಿಂದಿನಿಂದ ಬರುವ ಕೀಳು ಮಾತುಗಳನ್ನೂ ನುಂಗಬೇಕು. ರಂಗದ ಮೇಲೆ ದ್ರೌಪದಿಯ ಮಾನಭಂಗಕ್ಕೆ ಕಣ್ಣೀರಿಟ್ಟ ಸಭೆ, ರಂಗದ ಹಿಂದೆ ಅದೇ ಪಾತ್ರಧಾರಿಣಿಯ ಮಾನವನ್ನು ಕಾಯದೆ ಹೋದರೆ ಆ ಕಣ್ಣೀರಿಗೆ ಬೆಲೆಯೇನು?

ಇಂಥ ಸಂದರ್ಭದಲ್ಲಿ ಶರಣರ ಮಾರ್ಗ ನಮಗೆ ಸ್ಪಷ್ಟ. ಕಲ್ಯಾಣದ ಅನುಭವ ಮಂಟಪದಲ್ಲಿ ವೇಷ ಹಾಕಿ ಕುಣಿಯುವ ಬಹುರೂಪಿ ಚೌಡಯ್ಯನಿದ್ದ, ನಗಿಸುವುದನ್ನೇ ಕಾಯಕವಾಗಿಸಿಕೊಂಡ ನಗೆಯ ಮಾರಿತಂದೆಯಿದ್ದ, ಕಿನ್ನರಿ ನುಡಿಸುವ ಬೊಮ್ಮಯ್ಯನಿದ್ದ. ಶರಣರು ಕಲೆಯನ್ನು ಹೊರಗಿಡಲಿಲ್ಲ. ಅದನ್ನು ಕಾಯಕದ ನಿಯಮಕ್ಕೆ ಒಳಪಡಿಸಿದರು. ಗುಬ್ಬಿ ವೀರಣ್ಣನವರು ತಮ್ಮ ಆತ್ಮಕಥೆಗೆ 'ಕಲೆಯೇ ಕಾಯಕ' ಎಂದು ಹೆಸರಿಟ್ಟರು. ಆ ಹೆಸರನ್ನು ನಾವು ಅಲಂಕಾರದ ಮಾತಾಗಿ ಭಾವಿಸದೆ ಅಳತೆಗೋಲಾಗಿ ಹಿಡಿಯಬೇಕು. ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ತಿಳಿದದ್ದೇ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಪತ್ನಿ ಲಕ್ಕಮ್ಮ ಅದನ್ನು ಒಪ್ಪದೆ, ಇದ್ದಲ್ಲಿಗೇ ಸುರಿದು ಬರುವಂತೆ ಕಳುಹಿಸಿದಳು. ಅಕ್ಕಿ ಕೆಟ್ಟದೆಂದಲ್ಲ, ಅದು ಹೆಚ್ಚಿನದೆಂದು. ಇಂದಿನ ಫಲಕ, ಹಾರ, ತುರಾಯಿ, ಘೋಷಣೆಗಳು ಆ ಹೆಚ್ಚಿನ ಅಕ್ಕಿಯಂತೆ. ಅವನ್ನು ಹಿಂದಕ್ಕೆ ಸುರಿದರೂ ನಾಟಕ ಉಪವಾಸ ಬೀಳುವುದಿಲ್ಲ.

ಮಠಗಳಿಗೆ ನಾಟಕ ಹೊಸದಲ್ಲ. ಶ್ರೀ ಸಿದ್ಧಗಂಗಾ ಕ್ಷೇತ್ರದ ಜಾತ್ರೆಯಲ್ಲಿ 'ಜಗಜ್ಯೋತಿ ಬಸವೇಶ್ವರ' ನಾಟಕವನ್ನು ಆಡುತ್ತ ಬಂದಿರುವ ಪರಂಪರೆ ನಮ್ಮ ಕಣ್ಣಮುಂದಿದೆ. ಆದ್ದರಿಂದ ಎಡೆ ಕೊಡಬೇಕೆ ಎಂಬ ಪ್ರಶ್ನೆಗೆ, ಕೊಡಬೇಕು, ಆದರೆ ಕಟ್ಟಳೆಯೊಡನೆ ಕೊಡಬೇಕು ಎಂಬುದೇ ನಮ್ಮ ಉತ್ತರ. ಪಾತ್ರಗಳನ್ನು ಮೇಷ್ಟ್ರು ಕಂಠ ಮತ್ತು ಅಭಿನಯ ನೋಡಿ ಹಂಚಲಿ. ಖರ್ಚನ್ನು ಊರು ದಾಸೋಹಭಾವದಿಂದ ಹೊರಲಿ. ಮೊದಲ ಕಂದ ಎತ್ತಿದ ಮೇಲೆ ಮಂಗಳದವರೆಗೆ ಸನ್ಮಾನ, ಭಾಷಣಗಳು ನಡುವೆ ಬಾರದಿರಲಿ. ಕಲಾವಿದೆಯರಿಗೆ ಮಾತಾಡಿದ ಸಂಭಾವನೆಯನ್ನು ರಂಗವೇರುವ ಮುನ್ನವೇ ಸಲ್ಲಿಸಿ, ಬೆಳಗ್ಗೆ ಅವರನ್ನು ಮನೆ ತಲುಪಿಸುವ ಹೊಣೆ ಸಂಘದವರದಾಗಲಿ. ಊರಿನ ಹೆಣ್ಣುಮಕ್ಕಳೂ ಹಾಡು ಕಲಿಯುವಂತಾಗಲಿ.

ವಾಚಕರೇ, ಎಡೆಯೂರು ಶ್ರೀ ಸಿದ್ಧಲಿಂಗೇಶ್ವರರ ಗದ್ದುಗೆಗೆ ನಡೆದುಕೊಳ್ಳುವ ಕುಣಿಗಲ್ ಸೀಮೆಯ ರೈತನೂ, ಗುಬ್ಬಿಯ ಚನ್ನಬಸವೇಶ್ವರರಿಗೆ ಹರಕೆ ಹೊತ್ತವನೂ ರಾತ್ರಿ ಬಣ್ಣ ಹಚ್ಚಿ ನಿಂತಾಗ ಅವನ ಹಾಡನ್ನು ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಬೆಳಗಾದ ಮೇಲೆ ಅವನ ತಲೆಯ ಮೇಲೆ ಸಾಲವೂ ಮನಸ್ಸಿನಲ್ಲಿ ಹಗೆಯೂ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ನಿಮ್ಮೆಲ್ಲರ ಹೊಣೆ. ಬರುವ ಜಾತ್ರೆಗೆ ನಾಟಕ ಕಟ್ಟುವ ಊರಿನವರು ಮೊದಲ ಸಭೆಯಲ್ಲಿಯೇ ಈ ಮಾತುಗಳನ್ನು ಚರ್ಚಿಸಿ ತೀರ್ಮಾನಿಸುವರೆಂದು ಹಾರೈಸುತ್ತೇವೆ.

ಸರ್ವರಿಗೂ ಸನ್ಮಂಗಳವಾಗಲಿ.